ಅಮ್ಮನಿಗೆ ನಿದ್ದೆ ಬರುವ ಊರು ಹುಡುಕಿದ್ದು

ನಮ್ಮದು ಗೌರಿಬಿದನೂರು. ಚಿಕ್ಕಬಳ್ಳಾಪುರ ಜಿಲ್ಲೆ ಅಂದ ತಕ್ಷಣ ಹೊರಗಿನವರು "ನಂದಿಬೆಟ್ಟದ ಕಡೆ ಅಲ್ವಾ, ತಂಪಾಗಿರುತ್ತೆ ಬಿಡಿ" ಅನ್ನುತ್ತಾರೆ. ನಂದಿಯ ಎತ್ತರ 1478 ಮೀಟರ್. ನಮ್ಮೂರು ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಏಪ್ರಿಲ್ ಬಂತೆಂದರೆ ಧಗೆ ಧಗೆ. ಹಗಲೆಲ್ಲ ಕಾದ ಗೋಡೆ, ರಸ್ತೆ, ಬಂಡೆ ಎಲ್ಲ ರಾತ್ರಿ ಝಳ ಬಿಡುತ್ತವೆ.

ಅಮ್ಮನಿಗೆ 76 ವರ್ಷ. ಬಿಪಿ ಮಾತ್ರೆ ನಡೆಯುತ್ತಿದೆ. ಹಗಲಿನ ಬಿಸಿಲನ್ನು ಅವಳು ಹೇಗೋ ತಡೆದುಕೊಳ್ಳುತ್ತಾಳೆ. ಮಜ್ಜಿಗೆ ಕುಡಿದು, ನಡುಮನೆಯ ನೆಲದ ಮೇಲೆ ಮಲಗಿ ಹೊತ್ತು ಕಳೆಯುತ್ತಾಳೆ. ರಾತ್ರಿ ಮಾತ್ರ ಆಗುವುದಿಲ್ಲ. ಎರಡು ಗಂಟೆಗೆ ಎದ್ದು ನೋಡಿದರೆ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಜಗುಲಿಯ ಮೇಲೆ ಕೂತಿರುತ್ತಾಳೆ. ನಾಲ್ಕು ರಾತ್ರಿ ಹಾಗೆ ಕಳೆದರೆ ಐದನೆಯ ದಿನ ತಲೆ ಸುತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಬೇಸಿಗೆ ರಜೆ ಇರುತ್ತದೆ. ಆ ರಜೆಯಲ್ಲಿ ಅವಳನ್ನು ಒಂದು ತಂಪು ಊರಿನಲ್ಲಿ ಇಡಬೇಕು ಅಂತ ಹಟ ಹಿಡಿದೆ. ಸರಿಯಾದ ಊರು ಸಿಗೋದಕ್ಕೆ ಮೂರು ಬೇಸಿಗೆ ಬೇಕಾಯಿತು.

ಮೊದಲ ವರ್ಷ ಬೆಂಗಳೂರಿಗೆ, ಅಣ್ಣನ ಮನೆಗೆ ಕಳಿಸಿದೆ. ಎತ್ತರ 920 ಮೀಟರ್, ನಮಗಿಂತ ತಂಪು ಅನ್ನೋದು ಲೆಕ್ಕ. ಆದರೆ ಇದೇ ಬೆಂಗಳೂರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಜೊತೆಗೆ ಅಣ್ಣನ ಮನೆ ನಾಲ್ಕನೆಯ ಮಹಡಿ, ಮೇಲೆ ಬರೀ ತಾರಸಿ. ನಾನು ನೋಡಲು ಹೋದ ದಿನ ರಾತ್ರಿ ಹನ್ನೊಂದು ಗಂಟೆಗೆ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಕಾವಲಿಯ ಹಾಗೆ ಬೆಚ್ಚಗಿತ್ತು. ಫ್ಯಾನ್ ಆ ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು. ಅಮ್ಮ ಅಲ್ಲೂ ಎದ್ದೇ ಕೂತಿದ್ದಳು.

ಆಮೇಲೆ ಯಾರೋ ಮಂಗಳೂರು ಹೇಳಿದರು. ಸಮುದ್ರದ ಗಾಳಿ, ಹಗಲಲ್ಲಿ ನಿಮ್ಮೂರಿನಷ್ಟು ಬಿಸಿ ಏರಲ್ಲ ಅಂತ. ಅದು ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ರಾತ್ರಿಯೂ 25 ಡಿಗ್ರಿಗಿಂತ ಕೆಳಗೆ ಇಳಿಯುವುದು ಕಷ್ಟ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರೋದೇ ಇಲ್ಲ. ಸಮುದ್ರದ ಪಕ್ಕ ಇದ್ದರೆ ತಂಪು ಅನ್ನೋದು ಆ ಸಮುದ್ರದ ನೀರು ತಣ್ಣಗಿದ್ದರೆ ಮಾತ್ರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈನಲ್ಲೂ ಸ್ವೆಟರ್ ಹಾಕುತ್ತಾರಲ್ಲ, ಅದಕ್ಕೆ ಕಾರಣ ಪಕ್ಕದಲ್ಲೇ ಹರಿಯುವ ತಣ್ಣನೆಯ ಕಡಲ ಪ್ರವಾಹ. ನಮ್ಮ ಅರಬ್ಬಿ ಸಮುದ್ರ ಬೇಸಿಗೆಯಲ್ಲಿ ಬೆಚ್ಚಗೇ ಇರುತ್ತದೆ. ಹಾಗಾಗಿ ನಮಗೆ ಉಳಿದ ದಾರಿ ಎತ್ತರ ಒಂದೇ.

ಎರಡನೆಯ ವರ್ಷ ಊಟಿ. ಸುಮಾರು 2240 ಮೀಟರ್. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ ಅಂತ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಲೆಕ್ಕದಲ್ಲಿ ನಮ್ಮೂರಿಗಿಂತ ಹತ್ತು ಡಿಗ್ರಿ ಕಡಿಮೆ ಇರಬೇಕು. ಇತ್ತು ಕೂಡ. ಆದರೆ ಅಮ್ಮನಿಗೆ ಅದು ತಂಪಲ್ಲ, ಚಳಿ. ಮಂಡಿ ಹಿಡಿದುಕೊಂಡಿತು. ಬೆಳಗ್ಗೆ ಸ್ನಾನಕ್ಕೆ ಏಳಲಿಲ್ಲ. ಸ್ವಲ್ಪ ಏರು ಹತ್ತಿದರೂ ಏದುಸಿರು. ಮೇ ತಿಂಗಳ ಜನಜಂಗುಳಿ ಬೇರೆ. ಐದನೆಯ ದಿನಕ್ಕೆ ವಾಪಸ್ ಹೊರಟೆವು. ನೀವು ಹೋಗುವುದಾದರೆ, 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲಿಗೂ ಗಾಡಿಯಲ್ಲಿ ಹೋಗೋರಿಗೆ ಇ-ಪಾಸ್ ಬಂದಿದೆ, ಮೊದಲೇ ನೋಡಿಕೊಳ್ಳಿ.

ಊಟಿಯಿಂದ ಬಂದ ಮೇಲೆ ನನಗೆ ಒಂದು ಹೊಳೆಯಿತು. ಇಷ್ಟು ದಿನ ನಾನು ಹಗಲಿನ ಬಿಸಿಯನ್ನೇ ನೋಡುತ್ತಿದ್ದೆ. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರೋದು ಅದೇ ತಾನೇ. ಅಮ್ಮನ ಕಷ್ಟ ಇದ್ದದ್ದು ರಾತ್ರಿಯದು. ನೋಡಬೇಕಾದದ್ದು ಬೆಳಗಿನ ಜಾವದ ಕನಿಷ್ಠ ತಾಪಮಾನ.

ಒಂದು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಕೊಂಡೆ. ಯು ಆಕಾರದ ಗಾಜಿನ ಕೊಳವೆ, ಒಳಗೆ ಪಾದರಸ. ಅದರ ಎರಡು ತುದಿಯ ಮೇಲೂ ಗುಂಡುಸೂಜಿಯ ತುಂಡಿನಷ್ಟು ಉಕ್ಕಿನ ಕಡ್ಡಿ. ಪಾದರಸ ಆ ಕಡ್ಡಿಯನ್ನು ತಳ್ಳಿಕೊಂಡು ಹೋಗುತ್ತದೆ. ತಾನು ಹಿಂದೆ ಸರಿದಾಗ ಕಡ್ಡಿಯನ್ನು ಅಲ್ಲೇ ಬಿಡುತ್ತದೆ. ಬೆಳಗ್ಗೆ ಎದ್ದು ಕಡ್ಡಿ ಎಲ್ಲಿ ನಿಂತಿದೆ ಅಂತ ಬರೆದುಕೊಂಡು, ಅಯಸ್ಕಾಂತ ಹಿಡಿದು ಕೆಳಗೆ ಎಳೆದರೆ ಆಯಿತು. ಅಮ್ಮ ಮಲಗುವ ಕೋಣೆಯ ಗೋಡೆಗೆ ನೇತು ಹಾಕಿದೆ. ಆ ವಾರವೆಲ್ಲ ನಮ್ಮ ಮನೆಯೊಳಗೆ ಕಡ್ಡಿ 28ಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಅದನ್ನೇ ತಗೊಂಡು ಒಂದು ರಾತ್ರಿ ನಂದಿಬೆಟ್ಟದ ಮೇಲೆ ಉಳಿದೆವು. ಅಮ್ಮ ಎರಡು ಗಂಟೆಗೆ ಏಳಲಿಲ್ಲ. ಬೆಳಗ್ಗೆ ನೋಡಿದರೆ ಕಡ್ಡಿ 20ರ ಹತ್ತಿರ ನಿಂತಿತ್ತು. ಅದೇ ನನಗೆ ಅಳತೆಗೋಲಾಯಿತು. ಟಿಪ್ಪು ಬೇಸಿಗೆಗೆ ಅಲ್ಲಿಗೆ ಬರುತ್ತಿದ್ದ, ಆಮೇಲೆ ಕಬ್ಬನ್ ಸಾಹೇಬರು ಬಂಗಲೆ ಕಟ್ಟಿಸಿಕೊಂಡರು, ಸುಮ್ನೆ ಅಲ್ಲ. ಆದರೆ ನಂದಿ ಊರಲ್ಲವಲ್ಲ. ಡಾಕ್ಟರು, ತರಕಾರಿ, ಔಷಧಿ ಅಂಗಡಿ ಏನೂ ಪಕ್ಕದಲ್ಲಿಲ್ಲ. ತಿಂಗಳುಗಟ್ಟಲೆ ಇರೋ ಜಾಗ ಅಲ್ಲ.

ಮೂರನೆಯ ವರ್ಷ ಮಡಿಕೇರಿ ಆರಿಸಿಕೊಂಡೆ. ಎತ್ತರ ಸುಮಾರು 1170 ಮೀಟರ್, ನಂದಿಗಿಂತ ಕಡಿಮೆಯೇ. ಬರೀ ಎತ್ತರದ ಲೆಕ್ಕ ಹಾಕಿದರೆ ನಮ್ಮೂರಿಗೂ ಅದಕ್ಕೂ ಮೂರು ಡಿಗ್ರಿ ವ್ಯತ್ಯಾಸ, ಅಷ್ಟೇ. ಆದರೆ ಅಲ್ಲಿ ಸುತ್ತ ಕಾಡು, ಕಾಫಿ ತೋಟ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೀಳುತ್ತದೆ. ಒಂದು ಮಳೆ ಬಿದ್ದರೆ ಸಂಜೆಗೇ ಗಾಳಿ ಬದಲಾಗುತ್ತದೆ. ಜಿಲ್ಲಾ ಕೇಂದ್ರ ಆದ್ದರಿಂದ ಆಸ್ಪತ್ರೆಯೂ ಇದೆ.

ಬಾಡಿಗೆ ಮನೆ ಹುಡುಕುವಾಗ ಫೋನಿನಲ್ಲಿ ಎಲ್ಲರಿಗೂ ಮೊದಲು ಒಂದೇ ಮಾತು ಕೇಳಿದೆ: "ಏಪ್ರಿಲ್‌ನಲ್ಲಿ ರಾತ್ರಿ ನೀವು ಏನು ಹೊದೀತೀರಾ?" ಊರು ತಂಪಾಗಿದೆಯಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಇದಕ್ಕೆ ಮಾತ್ರ ಯೋಚಿಸಿ ಉತ್ತರ ಕೊಡುತ್ತಾರೆ. ಇಬ್ಬರು "ಫ್ಯಾನ್ ಹಾಕ್ತೀವಿ" ಅಂದರು. ಒಬ್ಬರು "ರಗ್ಗು ಬೇಕೇ ಬೇಕು, ಬೆಳಗಿನ ಜಾವ ಕಿಟಕಿ ಮುಚ್ತೀವಿ" ಅಂದರು. ಅವರ ಮನೆಯೇ ಹಿಡಿದೆ. ನೆಲ ಮಹಡಿ, ಹೆಂಚಿನ ಮಾಡು, ಕೆಳಗೆ ಮರದ ಅಟ್ಟ, ಎದುರು ಬದಿರು ಕಿಟಕಿ.

ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲು, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಬಸ್ಸು. ಪ್ರಯಾಣದ ಆಯಾಸಕ್ಕೆ ಮೈಸೂರಿನಲ್ಲಿ ಒಂದು ರಾತ್ರಿ ನಿಂತೆವು. ತಿಂಗಳ ಮಾತ್ರೆ, ಡಾಕ್ಟರ ಚೀಟಿ, ಐದು ಕೆಜಿ ರಾಗಿ ಹಿಟ್ಟು ಕಟ್ಟಿಕೊಂಡಿದ್ದೆ.

ಮೊದಲ ರಾತ್ರಿ ನಾನೇ ಮಲಗಲಿಲ್ಲ. ಎರಡು ಗಂಟೆಗೆ ಎದ್ದು ನೋಡಿದೆ. ಅಮ್ಮ ರಗ್ಗನ್ನು ಗಲ್ಲದವರೆಗೂ ಎಳೆದುಕೊಂಡು, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಬೆಳಗ್ಗೆ ಕಡ್ಡಿ 19ರಲ್ಲಿತ್ತು. ಮಧ್ಯಾಹ್ನ 29 ಮುಟ್ಟಿತು, ಅದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಇಪ್ಪತ್ತಾರು ದಿನ ಇದ್ದೆವು. ಸಂಜೆ ಓಂಕಾರೇಶ್ವರ ದೇವಸ್ಥಾನಕ್ಕೆ ನಿಧಾನವಾಗಿ ಹೋಗಿ ಬರುತ್ತಿದ್ದಳು. ಜೂನ್ ಮಳೆ ಹಿಡಿದರೆ ಅಲ್ಲಿ ಮುದುಕರು ಹೊರಗೆ ಬರೋದು ಕಷ್ಟ, ಅದಕ್ಕೆ ಮೇ 20ರ ಹೊತ್ತಿಗೆ ಹೊರಟುಬಿಟ್ಟೆವು. ಅಷ್ಟರಲ್ಲಿ ನಮ್ಮೂರಿಗೂ ಎರಡು ಮಳೆ ಬಿದ್ದಿತ್ತು.

ಮುಂದಿನ ಬೇಸಿಗೆಗೆ ಅದೇ ಮನೆಗೆ ಹೇಳಿಟ್ಟಿದ್ದೇನೆ. ಅಮ್ಮ ಈಗಲೇ ಒಂದು ಮಾತು ಹೇಳಿದ್ದಾಳೆ: "ಈ ಸಲ ನಮ್ಮ ಮುದ್ದೆ ಪಾತ್ರೆ, ಕೋಲು ಎರಡೂ ತಗೊಂಡು ಹೋಗೋಣ ಕಣೇ. ಅಲ್ಲಿನ ತೆಳು ಪಾತ್ರೇಲಿ ಹಿಟ್ಟು ಬೇಯೋದಕ್ಕೆ ಮುಂಚೆ ತಳ ಹಿಡಿಯುತ್ತೆ."