ಸಿಮಿಲಿ, ಮೆಟಾಫರ್: ಹೆಸರು ಗುರುತಿಸಿದ ಮೇಲೆ ಅರ್ಥ ಬಿಡಿಸುವುದು ಹೇಗೆ?

ಆರರಿಂದ ಎಂಟನೇ ತರಗತಿಯ ಮಕ್ಕಳ ಇಂಗ್ಲಿಷ್ ನೋಟ್ಸ್ ತೆರೆದು ನೋಡಿ. ಪದ್ಯದ ಸಾಲೊಂದಕ್ಕೆ ಅಡಿಗೆರೆ, ಪಕ್ಕದಲ್ಲಿ ‘ಸಿಮಿಲಿ’ ಎಂಬ ಬರಹ, ಮೇಲೊಂದು ಟಿಕ್ ಗುರುತು. (ಬೇರೆ ಬೇರೆ ಎರಡು ವಸ್ತುಗಳನ್ನು ‘ಇದರಂತೆ ಅದು’ ಎಂದು ಹೋಲಿಸಿದರೆ ಸಿಮಿಲಿ; ‘ಇದೇ ಅದು’ ಎಂದುಬಿಟ್ಟರೆ ಮೆಟಾಫರ್.) ಈ ಸಾಲಿನಲ್ಲಿ ಕವಿ ಏನು ಹೇಳುತ್ತಿದ್ದಾನೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಹೆಸರು ಗುರುತಿಸುವುದನ್ನು ಕಲಿಸಿ, ಅರ್ಥ ಬಿಡಿಸುವುದನ್ನು ನಾವೇ ಅರ್ಧಕ್ಕೆ ಕೈಬಿಟ್ಟಿರುತ್ತೇವೆ. ಮನೆಯಲ್ಲಿ ಹೇಳಿಕೊಡುವ ಅಪ್ಪ-ಅಮ್ಮಂದಿರಿಗೂ ಟ್ಯೂಷನ್ ಮಾಡುವವರಿಗೂ ಉಪಯೋಗವಾಗಲೆಂದು ಈ ಕ್ರಮ.

ಹಂತ 1: ಸಾಲನ್ನು ಇದ್ದದ್ದು ಇದ್ದಂತೆ ಓದಿಸಿ. ‘ಇದು ನಿಜವಾಗಿ ನಡೆಯಲು ಸಾಧ್ಯವೇ?’ ಎಂದು ಕೇಳಿ. ಸಾಧ್ಯವಿಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ‘ಲೈಕ್’, ‘ಆ್ಯಸ್’ ಹುಡುಕುವುದನ್ನು ಬಿಡಿಸಿ. ‘ಶಿ ಲುಕ್ಸ್ ಲೈಕ್ ಹರ್ ಮದರ್’ ಎಂಬಲ್ಲಿ ಲೈಕ್ ಇದೆ, ಆದರೆ ಅದು ಅಲಂಕಾರವಲ್ಲ; ಮಗಳು ನಿಜವಾಗಿಯೇ ತಾಯಿಯನ್ನು ಹೋಲುತ್ತಾಳೆ. ‘ಹೀ ವರ್ಕ್ಸ್ ಆ್ಯಸ್ ಎ ಡ್ರೈವರ್’ ಎಂದರೆ ಆತ ಡ್ರೈವರೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳು ಎದುರುಬದುರು ನಿಂತಾಗ ಮಾತ್ರ ಸಿಮಿಲಿ. ಮಾರುಕಟ್ಟೆಯ ಗೈಡ್‌ಗಳಲ್ಲಿ ‘ಲೈಕ್ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಾಫರ್’ ಎಂಬ ಒಂದೇ ಸಾಲಿನ ಸೂತ್ರ ಕಂಡರೆ ಅಂಥ ಗೈಡ್ ಕೊಳ್ಳಬೇಡಿ. ಪರೀಕ್ಷೆಯ ಹಿಂದಿನ ರಾತ್ರಿಗೂ ಅದು ಬೇಡ.

ಹಂತ 3: ನಾಲ್ಕು ಕಾಲಂ ಹಾಕಿ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಇದಕ್ಕೆ ಬೇಕಾದ ಸಾಧನ ಕನ್ನಡ ವ್ಯಾಕರಣದಲ್ಲೇ ಇದೆ: ಉಪಮೇಯ (ಯಾವುದನ್ನು ಹೋಲಿಸಿದೆಯೋ ಅದು), ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ಉಪಮಾವಾಚಕ (‘ಅಂತೆ’, ‘ಲೈಕ್’ ಥರದ ಹೋಲಿಕೆಯ ಪದ), ಸಮಾನಧರ್ಮ (ಎರಡಕ್ಕೂ ಇರುವ ಒಂದೇ ಗುಣ). ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗವೇ ಅಲಂಕಾರಗಳನ್ನು ಬಿಡಿಸಿ ವಿವರಿಸುತ್ತದೆ. ಇಂಗ್ಲಿಷ್ ವಿಮರ್ಶೆಯಲ್ಲಿ ಟೆನರ್ (ಉಪಮೇಯ), ವೆಹಿಕಲ್ (ಉಪಮಾನ) ಎಂಬ ಜೋಡಿ ಬಳಕೆಗೆ ಬಂದದ್ದು ವಿಮರ್ಶಕ ಐ.ಎ. ರಿಚರ್ಡ್ಸ್ ಅವರ 1936ರ ಪುಸ್ತಕದಿಂದ. ಹೈಸ್ಕೂಲಿಗೆ ಬಂದಾಗ ಕನ್ನಡ ಪಿರಿಯಡ್‌ನಲ್ಲಿ ಹೇಗೂ ಕಲಿಯುವ ಈ ಸಾಧನವನ್ನು ಇಂಗ್ಲಿಷ್ ಪದ್ಯಕ್ಕೂ ಹಚ್ಚಬೇಕು, ಅದೂ ಆರನೇ ತರಗತಿಯಿಂದಲೇ.

‘ದ ಕ್ಲಾಸ್‌ರೂಮ್ ವಾಸ್ ಎ ಬೀಹೈವ್’ ಎಂಬ ವಾಕ್ಯ ತೆಗೆದುಕೊಳ್ಳಿ. ಉಪಮೇಯ ತರಗತಿ, ಉಪಮಾನ ಜೇನುಗೂಡು. ಹೋಲಿಕೆ ಇದೆ, ವಾಚಕ ಇಲ್ಲ, ಆದ್ದರಿಂದ ಮೆಟಾಫರ್. ಇಷ್ಟನ್ನು ಮಕ್ಕಳು ಬೇಗ ತುಂಬುತ್ತಾರೆ. ಸಮಾನಧರ್ಮದ ಕಾಲಂ ಮಾತ್ರ ಖಾಲಿ ಉಳಿಯುತ್ತದೆ, ಏಕೆಂದರೆ ಆ ಪದ ವಾಕ್ಯದಲ್ಲಿ ಇಲ್ಲವೇ ಇಲ್ಲ. ಒಬ್ಬರು ‘ಸಿಹಿ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಅಪಾಯ’ ಎನ್ನುತ್ತಾರೆ. ಜೇನುಗೂಡಿಗೆ ಕಲ್ಲು ಹೊಡೆದರೆ ಏನಾಗುತ್ತದೆಂದು ಕೇಳಿ ಬೆಳೆದ ಮಗುವಿಗೆ ಮೊದಲು ಹೊಳೆಯುವುದು ಅದೇ. ತಕ್ಷಣ ‘ತಪ್ಪು’ ಎನ್ನಬೇಡಿ. ಜೇನುಗೂಡಿನ ಬಗ್ಗೆ ಗೊತ್ತಿರುವುದನ್ನೆಲ್ಲ ಪಟ್ಟಿ ಮಾಡಿಸಿ: ಸಿಹಿ, ಕಡಿತ, ಗುಂಯ್‌ಗುಡುವ ಸದ್ದು, ಒಟ್ಟಿಗೆ ದುಡಿಮೆ, ಮೇಣ. ಆಮೇಲೆ ಮುಂದಿನ ಸಾಲು ಓದಿಸಿ. ಅಲ್ಲಿ ‘ನೋಬಡಿ ಲುಕ್ಡ್ ಅಪ್’, ಅಂದರೆ ಯಾರೂ ತಲೆ ಎತ್ತಲಿಲ್ಲ ಎಂದಿದ್ದರೆ ಸಿಹಿ, ಕಡಿತ, ಮೇಣ ಮೂರನ್ನೂ ಮಗುವೇ ಹೊಡೆದುಹಾಕುತ್ತದೆ. ಉಳಿಯುವುದು ಸದ್ದು ಮತ್ತು ದುಡಿಮೆ. ಯಾವುದು ಹೊಂದುತ್ತದೆ ಎಂಬಷ್ಟೇ ಮುಖ್ಯ, ಯಾವುದು ಹೊಂದುವುದಿಲ್ಲ ಎಂಬುದು. ಈ ಹೊಡೆದುಹಾಕುವ ಕೆಲಸವನ್ನು ದೊಡ್ಡವರು ಮಾಡಿಕೊಡಕೂಡದು.

ಇನ್ನೂ ಕಷ್ಟದ್ದು, ಉಪಮಾನ ಕ್ರಿಯಾಪದದೊಳಗೆ ಅಡಗಿರುವ ಸಾಲು. ‘ದಿ ಓಲ್ಡ್ ಬಸ್ ಕಾಫ್ಡ್ ಅಪ್ ದ ಹಿಲ್’, ಹಳೆ ಬಸ್ಸು ಕೆಮ್ಮುತ್ತ ಗುಡ್ಡ ಹತ್ತಿತು. ಇಲ್ಲಿ ‘ಬಸ್ಸು’ ಇದೆ. ಅದನ್ನು ಯಾವುದಕ್ಕೆ ಹೋಲಿಸಿದೆ? ನಾಮಪದ ಹುಡುಕಿದ ಮಗು ‘ಗುಡ್ಡ’ ಎಂದು ಬರೆದುಬಿಡುತ್ತದೆ. ‘ಕೆಮ್ಮುವವರು ಯಾರು?’ ಎಂದು ಕೇಳಿ. ವಯಸ್ಸಾದವರು, ಏರು ಹತ್ತಲಾರದವರು. ಅವರಿಂದ ಬಸ್ಸಿಗೆ ಏನೇನು ಬಂತು? ಬಿಟ್ಟು ಬಿಟ್ಟು ಬರುವ ಸದ್ದು, ಮೈ ಜಗ್ಗುವುದು, ಏದುಸಿರು. ಜ್ವರ, ಔಷಧಿ ಬರಲಿಲ್ಲ. ಮನುಷ್ಯನ ಗುಣ ಬಸ್ಸಿಗೆ ಬಂದಿರುವುದರಿಂದ ಇದು ಪರ್ಸಾನಿಫಿಕೇಶನ್. ಮಗು ಮೆಟಾಫರ್ ಎಂದು ಬರೆದು ಕಾರಣ ಸರಿಯಾಗಿ ಕೊಟ್ಟಿದ್ದರೆ ನಾನಾದರೆ ಪೂರ್ಣ ಅಂಕ ಕೊಡುತ್ತೇನೆ.

ಹಂತ 4: ಉಪಮಾನ ಯಾವ ಊರಿನದು ಎಂದು ಕೇಳಿ. ‘ಸನ್ನಿ ಸ್ಮೈಲ್’ ಎಂದರೆ ರಾಯಚೂರಿನ ಮಗುವಿಗೆ ನೆತ್ತಿ ಸುಡುವ ಬಿಸಿಲು ನೆನಪಾದರೆ ಆಶ್ಚರ್ಯವಿಲ್ಲ. ಮೋಡ ಕವಿದೇ ಇರುವ ಇಂಗ್ಲೆಂಡಿನಲ್ಲಿ ಬಿಸಿಲು ಬಂದರೆ ಸಂಭ್ರಮ. ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡುವ ನಾಡಿನಲ್ಲಿ ‘ರೇನಿ ಡೇ’ ಎಂದರೆ ಕಷ್ಟಕಾಲ ಎಂದು ತಾನಾಗಿ ಹೊಳೆಯುವುದೂ ಇಲ್ಲ. ಗೂಬೆ ನಮ್ಮಲ್ಲಿ ಬೈಗುಳ, ಅಪಶಕುನ. ಇಂಗ್ಲಿಷ್ ಕಥೆಗಳಲ್ಲಿ ಅದು ಜಾಣ ಹಕ್ಕಿ. ಇವನ್ನು ಮೊದಲೇ ಹೇಳಿಕೊಟ್ಟುಬಿಡಿ, ಊಹಿಸಲು ಬಿಟ್ಟರೆ ಮಗು ಸುಮ್ಮನೆ ದಾರಿ ತಪ್ಪುತ್ತದೆ.

ಹಂತ 5: ಈಡಿಯಮ್‌ಗಳನ್ನು, ಅಂದರೆ ನುಡಿಗಟ್ಟುಗಳನ್ನು ಬೇರೆ ಇಡಿ. ‘ಸ್ಪಿಲ್ ದ ಬೀನ್ಸ್’ ಅನ್ನು ನಾಲ್ಕು ಕಾಲಂನಲ್ಲಿ ಬಿಡಿಸಲು ಹೋದರೆ ಗುಟ್ಟು ಹೊರಹಾಕುವುದು ಎಂಬ ಅರ್ಥ ಸಿಗುವುದಿಲ್ಲ, ಬರೀ ಕಾಳು ಸಿಗುತ್ತದೆ. ಇಲ್ಲಿ ನಿಘಂಟೇ ಗತಿ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನಲ್ಲಿ ಪದದ ವಿವರಣೆಯ ಕೊನೆಗೆ ಐಡಿಎಂ ಎಂಬ ಗುರುತಿನ ಕೆಳಗೆ ಈಡಿಯಮ್‌ಗಳಿರುತ್ತವೆ. ನುಡಿಗಟ್ಟಿನ ಮೊದಲ ಮುಖ್ಯ ಪದದಡಿ ಹುಡುಕಬೇಕು. ಹಳೆಯ ಪ್ರತಿ ಸಿಕ್ಕರೂ ಸಾಕು. ಮೊಬೈಲಿನಲ್ಲಿ ಅನುವಾದ ಮಾಡಿಸಿ ಬರೆದುಕೊಳ್ಳುವ ಅಡ್ಡದಾರಿ ಬೇಡ, ಪದಕ್ಕೆ ಪದ ಇಟ್ಟ ಅನುವಾದ ಬಂದರೆ ಅದನ್ನು ತಪ್ಪೆಂದು ಗುರುತಿಸಲು ಮಗುವಿಗೆ ಆಗುವುದಿಲ್ಲ.

ಹಂತ 6: ಹೈಪರ್‌ಬೊಲಿ, ಅಲಿಟರೇಶನ್ ಸುಲಭ. ಮೊದಲನೆಯದು ಅತಿಯಾಗಿ ಹೇಳುವುದು, ಎರಡನೆಯದು ಪದಗಳ ಮೊದಲ ಸದ್ದು ಮರಳಿ ಮರಳಿ ಬರುವುದು. ಎರಡೆರಡು ಉದಾಹರಣೆ ಕೊಟ್ಟು ಮುಂದಕ್ಕೆ ಹೋಗಿ.

ಹಂತ 7: ಉತ್ತರ ಬರೆಸಿ. ‘ಇದು ಮೆಟಾಫರ್’ ಎಂದು ನಿಲ್ಲಿಸಬಾರದು. ಯಾವುದನ್ನು, ಯಾವುದಕ್ಕೆ, ಯಾವ ಗುಣಕ್ಕಾಗಿ ಹೋಲಿಸಿದೆ ಎಂಬ ಮೂರೂ ಬರಬೇಕು. ಇಂಗ್ಲಿಷ್ ಪದ ತೋಚದಿದ್ದರೆ ಮೊದಲು ಕನ್ನಡದಲ್ಲೇ ಹೇಳಿಸಿ. ವಿಷಯ ಗಟ್ಟಿಯಾದ ಮೇಲೆ ಪದ ಕೊಟ್ಟರೆ ಸಾಕು.

ಆಮೇಲೆ ಮಗು ತನ್ನದೇ ಒಂದು ಹೋಲಿಕೆ ಬರೆಯಲಿ. ‘ಆ್ಯಸ್ ವೈಟ್ ಆ್ಯಸ್ ಸ್ನೋ’ ನಿಷಿದ್ಧ; ನಮ್ಮ ಹೆಚ್ಚಿನ ಮಕ್ಕಳು ಹಿಮ ಕಂಡಿಲ್ಲ. ಕೊಬ್ಬರಿ, ಹತ್ತಿ, ಆಗಷ್ಟೇ ಸುಣ್ಣ ಬಳಿದ ಗೋಡೆ, ಕಣ್ಣಾರೆ ಕಂಡದ್ದು ಯಾವುದಾದರೂ ಆದೀತು. ವಾರಕ್ಕೆ ಎರಡು ಸಾಲು ಬಿಡಿಸಿ ಒಂದು ಸಾಲು ಬರೆದರೆ ಸಾಕು. ಬಿಡಿಸುವ ಸಾಲುಗಳನ್ನು ಆ ವಾರ ಶಾಲೆಯಲ್ಲಿ ನಡೆಯುತ್ತಿರುವ ಪಾಠದಿಂದಲೇ ಆರಿಸಿ, ಕಾಲಂಗಳನ್ನು ಪಠ್ಯಪುಸ್ತಕದ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಹಾಕಿಸಿ.