ಜೂಮ್ಲಾ: ಗುಂಪಿನ ಅನುಮತಿಗೆ ಬೀಗ ಬಿದ್ದಾಗ

ಕಾಸರಗೋಡಿನ ನಮ್ಮ ವಾಚನಾಲಯದ ಜಾಲತಾಣವನ್ನು ಜೂಮ್ಲಾ ಎಂಬ ಜಾಲತಾಣ ನಿರ್ವಹಣೆಯ ತಂತ್ರಾಂಶದಲ್ಲಿ ಕಟ್ಟಿದ್ದೇವೆ; ಅದರಲ್ಲಿ ಕನ್ನಡ, ಮಲಯಾಳ ಎಂದು ಎರಡು ವಿಭಾಗಗಳಿವೆ. ಕನ್ನಡ ಬಳಗದವರಿಗೆ ತಮ್ಮ ವಿಭಾಗದ ಬರಹಗಳನ್ನೇ ತಿದ್ದಲಾಗುತ್ತಿರಲಿಲ್ಲ. ಅವರ ಗುಂಪಿಗೆ ‘ಅಲೌಡ್’ (ಅನುಮತಿ ಇದೆ) ಕೊಟ್ಟರೂ ಪಕ್ಕದಲ್ಲಿ ‘ನಾಟ್ ಅಲೌಡ್ (ಲಾಕ್ಡ್)’, ಅಂದರೆ ಅನುಮತಿ ಇಲ್ಲ, ಬೀಗ ಬಿದ್ದಿದೆ ಎಂದೇ ಕಾಣುತ್ತಿತ್ತು.

ಕ್ಯಾಷೆ (ತಾತ್ಕಾಲಿಕವಾಗಿ ಉಳಿಸಿಟ್ಟ ಪ್ರತಿಗಳು) ಅಳಿಸಿದೆ, ಸದಸ್ಯರನ್ನು ಇನ್ನೊಂದು ಗುಂಪಿಗೂ ಸೇರಿಸಿದೆ, ಫಲವಿಲ್ಲ. ಎರಡು ಗುಂಪಿನಲ್ಲಿದ್ದರೂ ನಿರಾಕರಣೆಯೇ ಗೆಲ್ಲುತ್ತದೆ.

ತೊಡಕು ಇದ್ದದ್ದು ಮೇಲೆ. ಮಲಯಾಳ ವಿಭಾಗವನ್ನು ಬೇರೆಯವರು ಮುಟ್ಟದಿರಲಿ ಎಂದು ಕನ್ನಡ ಬಳಗದ ಗುಂಪಿಗೆ ಮೇಲಿನ ಗುಂಪಾದ ‘ರಿಜಿಸ್ಟರ್ಡ್’ಗೆ (ನೋಂದಾಯಿತ ಸದಸ್ಯರು) ‘ಎಡಿಟ್’ (ತಿದ್ದುವ) ಹಕ್ಕಿನಲ್ಲಿ ‘ಡಿನೈಡ್’ (ನಿರಾಕರಣೆ) ಹಾಕಿದ್ದೆ. ಮೇಲಿನ ‘ಡಿನೈಡ್’ ಅನ್ನು ಕೆಳಗಿನ ಯಾವ ‘ಅಲೌಡ್’ ಕೂಡ ಮೀರಲಾರದು.

ಕಂಟೆಂಟ್, ಆರ್ಟಿಕಲ್ಸ್, ಆಪ್ಶನ್ಸ್, ಪರ್ಮಿಶನ್ಸ್ ಎಂಬ ದಾರಿಯಲ್ಲಿ ಹೋಗಿ, ‘ರಿಜಿಸ್ಟರ್ಡ್’ ಗುಂಪಿನ ‘ಎಡಿಟ್’ ಅನ್ನು ‘ಇನ್‌ಹೆರಿಟೆಡ್’ಗೆ (ಮೇಲಿನ ಹಂತದಿಂದ ಬಂದದ್ದೇ ಅನ್ವಯ) ತಂದು ಉಳಿಸಿ. ಆಮೇಲಷ್ಟೇ ಕನ್ನಡ ವಿಭಾಗದ ‘ಪರ್ಮಿಶನ್ಸ್’ ತೆರೆದು ಬಳಗದ ಗುಂಪಿಗೆ ‘ಅಲೌಡ್’ ಕೊಡಿ. ಮಲಯಾಳ ವಿಭಾಗದಲ್ಲಿ ‘ಇನ್‌ಹೆರಿಟೆಡ್’ ಹಾಗೆಯೇ ಇರಲಿ: ಎಲ್ಲಿಯೂ ಅನುಮತಿ ಕೊಡದಿದ್ದರೆ ಜೂಮ್ಲಾ ತಾನಾಗಿಯೇ ತಡೆಯುತ್ತದೆ. ಪ್ರಕಟಿಸುವ ಹಕ್ಕು ಬೇಕಿದ್ದರೆ ‘ಎಡಿಟ್ ಸ್ಟೇಟ್’ ಅನ್ನು ಪ್ರತ್ಯೇಕವಾಗಿ ಕೊಡಬೇಕು.