ಆರೈಕೆ ಕೇಂದ್ರ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮನೆಯ ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ನಿರ್ಧಾರ ಹೆಚ್ಚಿನ ಸಲ ಆತುರದಲ್ಲೇ ಆಗುತ್ತದೆ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದವರನ್ನು ನಾಳೆ ಡಿಸ್ಚಾರ್ಜ್ ಮಾಡುತ್ತೇವೆ ಎಂದಿರುತ್ತಾರೆ, ಇಲ್ಲವೇ ಮರೆವಿನ ಕಾಯಿಲೆ ಜಾಸ್ತಿಯಾಗಿ ರಾತ್ರಿ ನೋಡಿಕೊಳ್ಳಲು ಮನೆಯವರಿಗೆ ಆಗುತ್ತಿರುವುದಿಲ್ಲ. ಅಂಥ ಗಡಿಬಿಡಿಯಲ್ಲಿ ಹೋದವರ ಕಣ್ಣಿಗೆ ಬೀಳುವುದು ಸ್ವಾಗತ ಕೊಠಡಿ, ಕೈತೋಟ, ಗೋಡೆಯ ಮೇಲಿನ ಸಮಾರಂಭದ ಫೋಟೊಗಳು. ಆರೈಕೆ ಹೇಗಿದೆ ಎಂಬುದು ಇವುಗಳಿಂದ ಗೊತ್ತಾಗುವುದಿಲ್ಲ. ಎದ್ದು ಓಡಾಡುವ, ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಹಿರಿಯರು ಎಂಥ ಜಾಗದಲ್ಲೂ ಹೇಗೋ ಸಂಭಾಳಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದು, ನೀರು ಬೇಕೆಂದು ಹೇಳಲೂ ಆಗದವರನ್ನು ಅಲ್ಲಿ ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನು ನೋಡಬೇಕು. ನಿಮ್ಮವರು ಇವತ್ತು ನಡೆದಾಡುತ್ತಿದ್ದರೂ ಮುಂದೊಂದು ದಿನ ಆ ಹಾಸಿಗೆಗೆ ಬರಬಹುದು.

ಎರಡು ಸಲ ಹೋಗಿ, ಎರಡನೆಯದು ಹೇಳದೆ

ಮೊದಲ ಸಲ ಸಮಯ ಕೇಳಿಕೊಂಡು ಹೋಗಿ. ಮೇಲ್ವಿಚಾರಕರ ಜೊತೆ ಮಾತು, ಕಾಗದಪತ್ರ ಎಲ್ಲ ಆಗಲಿ. ಎರಡನೇ ಸಲ ಮುನ್ಸೂಚನೆ ಕೊಡದೆ, ರಜಾದಿನ ಸಂಜೆಯ ಹೊತ್ತಿಗೆ, ರಾತ್ರಿ ಊಟ ಬಡಿಸುವ ಸಮಯಕ್ಕೆ ಸರಿಯಾಗಿ ಹೋಗಿ. ಆ ಹೊತ್ತಿಗೆ ಹಗಲಿನ ಸಿಬ್ಬಂದಿ ಹೊರಟಿರುತ್ತಾರೆ, ಕಚೇರಿಯವರು ಇರುವುದಿಲ್ಲ. ಮರೆವಿನ ಕಾಯಿಲೆಯವರ ಚಡಪಡಿಕೆ ಹೆಚ್ಚಾಗುವುದೂ ಸಂಜೆಯೇ. ಕೊರತೆ ಇದ್ದರೆ ಆಗ ಕಂಡೇ ಕಾಣುತ್ತದೆ. ಭೇಟಿಯ ಸಮಯಕ್ಕೆ ಮಿತಿ ಇರುವುದು ಸಹಜ, ಆದರೆ ಊಟದ ಹೊತ್ತಿಗೆ ಯಾರನ್ನೂ ಎಂದೂ ಒಳಗೆ ಬಿಡುವುದೇ ಇಲ್ಲ ಎಂದರೆ ಕಾರಣ ಕೇಳಿ.

ಒಳಗೆ ಹೋದ ಮೇಲೆ ಹತ್ತು ನಿಮಿಷ ಕಾರಿಡಾರಿನಲ್ಲಿ ಸುಮ್ಮನೆ ನಿಲ್ಲಿ. ಯಾವುದೋ ಒಂದು ಕೋಣೆಯಿಂದ ಮಲಮೂತ್ರದ ವಾಸನೆ ಬಂದರೆ ಅದು ದೋಷವಲ್ಲ. ಆಗಷ್ಟೇ ಯಾರಿಗೋ ಬಟ್ಟೆ ಬದಲಿಸುತ್ತಿರಬಹುದು. ಇಡೀ ಮಹಡಿಗೆ ಹಳೆಯ ಮೂತ್ರದ ವಾಸನೆ ಹಿಡಿದಿದ್ದರೆ ಹಾಸಿಗೆ, ಕುರ್ಚಿಗಳೇ ಅದನ್ನು ಹೀರಿಕೊಂಡಿವೆ ಎಂದರ್ಥ. ಮೂಗಿಗೆ ರಾಚುವಷ್ಟು ರೂಮ್ ಫ್ರೆಶ್ನರ್ ಹೊಡೆದಿದ್ದರೂ ಅನುಮಾನಿಸಿ. ಕಾಲ್‌ಬೆಲ್ ಹೊಡೆದುಕೊಳ್ಳುತ್ತಿದ್ದರೆ ಗಡಿಯಾರ ನೋಡಿ, ಯಾರಾದರೂ ಬರಲು ಎಷ್ಟು ಹೊತ್ತಾಯಿತು? ಬೆಲ್ಲೇ ಕೇಳಿಸದಿದ್ದರೆ ಅದರ ಗುಂಡಿ ಎಲ್ಲಿದೆ ನೋಡಿ. ಹಾಸಿಗೆಯ ಹಿಂದೆ ಜೋತುಬಿದ್ದಿದ್ದರೆ ಮಲಗಿದವರ ಕೈಗೆ ಅದು ಎಟುಕುವುದೇ ಇಲ್ಲ. ಸಿಬ್ಬಂದಿ ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾರೋ, ‘ಹನ್ನೆರಡನೇ ನಂಬರ್’ ಎನ್ನುತ್ತಾರೋ, ಅದನ್ನೂ ಕೇಳಿಸಿಕೊಳ್ಳಿ.

ಸಿಬ್ಬಂದಿಯ ಲೆಕ್ಕ ನೀವೇ ಹಾಕಿ

‘ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ’ ಎಂಬ ಉತ್ತರ ಸಾಲದು. ಮೂರು ಶಿಫ್ಟಿನಲ್ಲಿ ಪ್ರತ್ಯೇಕವಾಗಿ ಎಷ್ಟು ನರ್ಸ್, ಎಷ್ಟು ಆರೈಕೆ ಸಹಾಯಕರು ಎಂದು ಕೇಳಿ. ಅಡುಗೆಯವರು, ಸ್ವಚ್ಛತೆಯವರು, ಕಾವಲುಗಾರರು ಈ ಲೆಕ್ಕಕ್ಕೆ ಸೇರುವುದಿಲ್ಲ. ಉದಾಹರಣೆಗೆ 40 ಹಿರಿಯರಿದ್ದಾರೆ, ಬೆಳಿಗ್ಗೆ 8, ಮಧ್ಯಾಹ್ನ 7, ರಾತ್ರಿ 3 ಜನ ಕೆಲಸಕ್ಕಿದ್ದಾರೆ ಎನ್ನಿ. ಒಟ್ಟು 18 ಜನ, ಎಂಟೆಂಟು ಗಂಟೆಯಂತೆ 144 ಗಂಟೆ. ಅದನ್ನು 40ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 3.6 ಗಂಟೆ ಆರೈಕೆ ಸಿಗುತ್ತದೆ. ಅಮೆರಿಕದ ಸರ್ಕಾರಕ್ಕಾಗಿ 2001ರಲ್ಲಿ ನಡೆದ ಅಧ್ಯಯನವೊಂದು, ದೀರ್ಘಕಾಲ ಉಳಿಯುವವರ ವಿಷಯದಲ್ಲಿ ಇದು 4.1 ಗಂಟೆಗಿಂತ ಕಡಿಮೆಯಾದರೆ ಆರೈಕೆಯ ಗುಣಮಟ್ಟ ಕೆಡುವ ಅಪಾಯ ಹೆಚ್ಚು ಎಂದಿತ್ತು. ಇದು ಎಲ್ಲೆಡೆ ಅನ್ವಯಿಸುವ ಕಾನೂನಲ್ಲ, ಆದರೆ ಎರಡು ಕೇಂದ್ರಗಳನ್ನು ಹೋಲಿಸಲು ಒಳ್ಳೆಯ ಲೆಕ್ಕ.

ಜೊತೆಗೆ ರಾತ್ರಿಯ ಲೆಕ್ಕವನ್ನು ಬೇರೆಯಾಗಿ ನೋಡಿ. ಆ 40 ಜನರಲ್ಲಿ 15 ಮಂದಿ ತಾವಾಗಿ ಏಳಲಾರದವರಾದರೆ, ಬೆಂಕಿ ಬಿದ್ದಾಗ ಅವರನ್ನು ಮೂರು ಜನ ಹೊರಗೆ ತರುವುದು ಹೇಗೆ? ತುರ್ತು ಬಾಗಿಲಿಗೆ ಬೀಗ ಹಾಕಿದೆಯೇ, ಅದರ ಮುಂದೆ ಹಳೆ ಮಂಚ ಪೇರಿಸಿದ್ದಾರೆಯೇ ಎಂದು ಅಲ್ಲಿಗೇ ಹೋಗಿ ನೋಡಿ.

‘ಇಲ್ಲಿ ಎಷ್ಟು ದಿನದಿಂದ ಕೆಲಸ ಮಾಡುತ್ತಿದ್ದೀರಿ?’ ಎಂದು ಎದುರಿಗೆ ಸಿಕ್ಕ ಮೂರ್ನಾಲ್ಕು ಸಹಾಯಕರನ್ನು ಕೇಳಿ. ಎಲ್ಲರೂ ಹೊಸಬರೇ ಆಗಿದ್ದರೆ ಜನ ಅಲ್ಲಿ ನಿಲ್ಲುತ್ತಿಲ್ಲ. ಯಾರಿಗೆ ಯಾವ ಮಗ್ಗುಲಲ್ಲಿ ನೋವು, ಯಾರು ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಹಳಬರಿಗಷ್ಟೇ ಗೊತ್ತಿರುತ್ತದೆ.

ಹಾಸಿಗೆ ಹಿಡಿದವರ ಬಳಿ

ಆರೈಕೆಯ ಸೋಲು ಮೊದಲು ಕಾಣಿಸಿಕೊಳ್ಳುವುದು ಚರ್ಮದ ಮೇಲೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಬೆಡ್‌ಸೋರ್ ಎಂಬ ಹುಣ್ಣು ಆಗುವುದು ಹೀಗೆ. ಬೆನ್ನಿನ ತಳಭಾಗ, ಹಿಮ್ಮಡಿ, ಸೊಂಟದ ಬದಿಯ ಮೂಳೆ, ಭುಜದ ಹಲಗೆ, ಮೊಣಕೈ, ತಲೆಯ ಹಿಂಭಾಗ ಅದರ ಠಾವುಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿಯ ಕ್ರಮ. ಒತ್ತಡ ಹಂಚುವ ಒಳ್ಳೆಯ ಫೋಮ್ ಹಾಸಿಗೆ ಇದ್ದು, ಚರ್ಮ ಆರೋಗ್ಯವಾಗಿದ್ದರೆ ನಾಲ್ಕು ಗಂಟೆಯವರೆಗೂ ಬಿಡಬಹುದು. ಅದನ್ನು ತೀರ್ಮಾನಿಸಬೇಕಾದವರು ಆ ವ್ಯಕ್ತಿಯ ಚರ್ಮ ನೋಡಿದ ನರ್ಸ್.

ಬೇರೆಯವರ ಹೊದಿಕೆ ಎತ್ತಿ ನೋಡುವ ಹಾಗಿಲ್ಲ, ನೋಡಲೂಬಾರದು. ಹೊರಗಿನಿಂದ ಕಾಣುವುದೇ ಬೇಕಾದಷ್ಟಿದೆ. ಮಂಚಕ್ಕೆ ಸಿಕ್ಕಿಸಿದ ಮಗ್ಗುಲು ಚಾರ್ಟ್ ಇದ್ದರೆ ತೋರಿಸಲು ಕೇಳಿ. ಎರಡು ಗಂಟೆಗೆ ಎಡ ಮಗ್ಗುಲು ಎಂದು ಬರೆದಿದೆ, ಈಗ ಎರಡೂವರೆ, ಆದರೆ ವ್ಯಕ್ತಿ ಅಂಗಾತ ಮಲಗಿದ್ದಾರೆ ಎಂದರೆ ಚಾರ್ಟನ್ನು ಕುಳಿತಲ್ಲೇ ತುಂಬಿದ್ದಾರೆ. ಇಡೀ ದಿನದ ಸಾಲುಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದರೂ ಅಷ್ಟೇ. ಸಂಜೆ ಆರರ ಸಹಿ ಮಧ್ಯಾಹ್ನ ಮೂರಕ್ಕೇ ಬಿದ್ದಿದ್ದರಂತೂ ಕೇಳುವುದೇ ಬೇಡ. ಹಿಮ್ಮಡಿ ನೋಡಿ: ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿದ್ದರೆ ಅಲ್ಲಿನವರಿಗೆ ಕೆಲಸ ಗೊತ್ತಿದೆ. ನಡುವೆ ತೂತಿರುವ ಬಳೆಯಾಕಾರದ ಗಾಳಿದಿಂಬಿನ ಮೇಲೆ ಕೂರಿಸಿದ್ದರೆ ಗೊತ್ತಿಲ್ಲ. ಅದು ತೂತಿನ ಸುತ್ತಲಿನ ಚರ್ಮವನ್ನೇ ಒತ್ತಿ ರಕ್ತ ತಡೆಯುತ್ತದೆ.

ಏರ್‌ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಹಾಕಿದ್ದೇವೆ ಎಂಬ ಭರವಸೆಯನ್ನೂ ಪರೀಕ್ಷಿಸಬಹುದು. ಮೊದಲು ಪಂಪಿನ ಪ್ಲಗ್ ಹಾಕಿದೆಯೇ, ದೀಪ ಉರಿಯುತ್ತಿದೆಯೇ ನೋಡಿ. ಹಾಸಿಗೆಯ ಮೇಲೆ ಹಾಸುವ ಬಗೆಯದಾದರೆ, ಮಲಗಿದವರ ಪೃಷ್ಠದ ನೇರಕ್ಕೆ ಏರ್‌ಬೆಡ್ಡಿನ ಅಡಿಗೆ ಅಂಗೈ ಮೇಲ್ಮುಖವಾಗಿ ತೂರಿಸಿ ನೋಡುವಂತೆ ನರ್ಸಿಗೆ ಹೇಳಿ. ಕೈಗೂ ದೇಹಕ್ಕೂ ನಡುವೆ ಒಂದು ಅಂಗುಲದಷ್ಟೂ ಗಾಳಿ ಇಲ್ಲದಿದ್ದರೆ ಆ ಏರ್‌ಬೆಡ್ ಇದ್ದೂ ಇಲ್ಲದಂತೆ. ಸರಿಯಾಗಿ ಕೆಲಸ ಮಾಡುತ್ತಿದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಕೊನೆಗೆ ಎರಡು ಪ್ರಶ್ನೆ. ಈಗ ಎಷ್ಟು ಜನರಿಗೆ ಬೆಡ್‌ಸೋರ್ ಇದೆ, ಅದರಲ್ಲಿ ಬರುವಾಗಲೇ ಇದ್ದದ್ದೆಷ್ಟು, ಇಲ್ಲಿಗೆ ಬಂದ ಮೇಲೆ ಆದದ್ದೆಷ್ಟು? ಸೇರಿಸಿಕೊಳ್ಳುವ ದಿನ ಚರ್ಮದ ಅಪಾಯವನ್ನು ಅಂಕ ಹಾಕಿ ಬರೆದಿಡುತ್ತೀರಾ? 1987ರಿಂದ ಬಳಕೆಯಲ್ಲಿರುವ ಬ್ರೇಡನ್ ಮಾಪಕದಲ್ಲಿ 6ರಿಂದ 23ರವರೆಗೆ ಅಂಕಗಳಿವೆ. 18 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಅಪಾಯ ಇದೆ. ಈ ಹೆಸರನ್ನೇ ಕೇಳಿರದ ನರ್ಸ್ ಬೇರೆ ಮಾಪಕ ಬಳಸುತ್ತಿರಬಹುದು. ಯಾವ ಮಾಪಕವೂ ಇಲ್ಲ ಎಂದರೆ ಹುಣ್ಣಾದ ಮೇಲೆಯೇ ನೋಡುವವರು ಅವರು.

ಊಟ, ನೀರು

ತಾವಾಗಿ ಉಣ್ಣಲಾರದವರಿಗೆ ಉಣಿಸಲು ಅರ್ಧ ಗಂಟೆಯಾದರೂ ಬೇಕು. ಒಬ್ಬರೇ ಸಹಾಯಕಿ ನಾಲ್ಕು ಜನರ ನಡುವೆ ನಿಂತು ಸರದಿಯಂತೆ ಚಮಚ ತುರುಕುತ್ತಿದ್ದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸರಿಯಾದ ಕ್ರಮ ಹೀಗಿರುತ್ತದೆ: ಉಣ್ಣುವವರು ನೆಟ್ಟಗೆ ಕುಳಿತಿರುತ್ತಾರೆ, ಉಣಿಸುವವರೂ ಅವರ ಕಣ್ಣಿನ ಮಟ್ಟಕ್ಕೆ ಕುಳಿತಿರುತ್ತಾರೆ, ಚಮಚ ಚಿಕ್ಕದು, ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಆದರೆ ಹಾಗೇ ಮರೆತು ಗಂಟೆಗಟ್ಟಲೆ ಮಂಚದ ತಲೆಭಾಗ ಎತ್ತಿಟ್ಟರೆ ದೇಹ ಕೆಳಕ್ಕೆ ಜಾರಿ ಬೆನ್ನಿನ ತಳದ ಚರ್ಮ ಉಜ್ಜಿಹೋಗುತ್ತದೆ, ಆದ್ದರಿಂದ ಆಮೇಲೆ 30 ಡಿಗ್ರಿಗೆ ಇಳಿಸಬೇಕು. ಉಣ್ಣುತ್ತ ಕೆಮ್ಮುವುದು, ದನಿ ಗೊರಗೊರ ಎನ್ನುವುದು ನುಂಗಲು ತೊಂದರೆ ಇರುವ ಸೂಚನೆ. ಅಂಥವರಿಗೆ ನೀರು ಕುಡಿಸಿ ತುತ್ತನ್ನು ತಳ್ಳುತ್ತಿದ್ದರೆ ಅಪಾಯ ಹೆಚ್ಚುತ್ತದೆ. ಎಷ್ಟೋ ಸಲ ಗಟ್ಟಿ ಪದಾರ್ಥಕ್ಕಿಂತ ತೆಳು ನೀರೇ ದಾರಿ ತಪ್ಪುವುದು.

ತೂಕದ ಪುಸ್ತಕ ಕೇಳಿ. ತಿಂಗಳಿಗೊಮ್ಮೆಯಾದರೂ ತೂಗಿ ಬರೆದಿರಬೇಕು. ಒಂದು ತಿಂಗಳಲ್ಲಿ ಶೇ 5, ಆರು ತಿಂಗಳಲ್ಲಿ ಶೇ 10ರಷ್ಟು ತೂಕ ಇಳಿದರೆ ಅದು ವೈದ್ಯರು ನೋಡಲೇಬೇಕಾದ ಇಳಿಕೆ. 50 ಕಿಲೋ ಇರುವವರಿಗೆ ಅದು ಎರಡೂವರೆ ಮತ್ತು ಐದು ಕಿಲೋ. ‘ನಿಲ್ಲಲಾಗದವರನ್ನು ಹೇಗೆ ತೂಗುತ್ತೀರಿ?’ ಎಂಬ ಪ್ರಶ್ನೆಗೆ ಕುರ್ಚಿ ತಕ್ಕಡಿಯನ್ನೋ ಎತ್ತಿ ತೂಗುವ ಸಾಧನವನ್ನೋ ತೋರಿಸಬೇಕು. ಉತ್ತರ ತಡವರಿಸಿದರೆ ಅವರನ್ನು ತೂಗುತ್ತಲೇ ಇಲ್ಲ.

ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ವೈದ್ಯರು ಮಿತಿ ಹಾಕಿಲ್ಲದಿದ್ದರೆ, ಕುಡಿಯುವ ಪದಾರ್ಥವೆಲ್ಲ ಸೇರಿ ದಿನಕ್ಕೆ ಮಹಿಳೆಯರಿಗೆ 1.6 ಲೀಟರ್, ಪುರುಷರಿಗೆ 2 ಲೀಟರ್ ಕೊಡಬೇಕು. ತುಂಬಿದ ಜಗ್ ಮೂಲೆಯ ಮೇಜಿನ ಮೇಲಿದ್ದರೆ ಪ್ರಯೋಜನವಿಲ್ಲ, ಲೋಟ ಕೈಗೆ ಸಿಗಬೇಕು. ಹಾಸಿಗೆ ಒದ್ದೆಯಾಗುತ್ತದೆಂದು ಸಂಜೆಯಿಂದಲೇ ನೀರು ನಿಲ್ಲಿಸುವ ಕೆಟ್ಟ ಅಭ್ಯಾಸ ಕೆಲವೆಡೆ ಇದೆ. ಮೂತ್ರದ ಸೋಂಕು, ಮಲಬದ್ಧತೆ, ದಿಢೀರ್ ಗೊಂದಲ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಇದಕ್ಕೇ ಹೊಂದಿಕೊಂಡದ್ದು ಶೌಚದ ವಿಷಯ. ಎರಡು ಮೂರು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ದರೆ ಹಲವರಿಗೆ ಡೈಪರೇ ಬೇಕಾಗುವುದಿಲ್ಲ. ಎಲ್ಲರಿಗೂ ಹಗಲಿಡೀ ಡೈಪರ್ ಹಾಕಿದ್ದರೆ ಅದು ಸಿಬ್ಬಂದಿಯ ಅನುಕೂಲಕ್ಕೆ. ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ) ಇದ್ದರೆ ಯಾಕೆ, ಯಾವ ದಿನ ಹಾಕಿದ್ದು ಎಂಬುದು ಫೈಲಿನಲ್ಲಿರಬೇಕು. ಅದರ ಚೀಲ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುತ್ತಿರಬೇಕು.

ಮಾತ್ರೆ, ಮಂಪರು, ಕಟ್ಟಿಹಾಕುವುದು

ಔಷಧಿ ಚಾರ್ಟಿನಲ್ಲಿ ಸಹಿ ಬೀಳಬೇಕಾದದ್ದು ಮಾತ್ರೆ ನುಂಗಿದ ಮೇಲೆ. ಮಾತ್ರೆಯ ಬಟ್ಟಲು ಮಂಚದ ಪಕ್ಕ ಹಾಗೇ ಇದ್ದು ಚಾರ್ಟಿನಲ್ಲಿ ಸಹಿ ಇದ್ದರೆ ಇಡೀ ಚಾರ್ಟನ್ನು ನಂಬುವಂತಿಲ್ಲ. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಪುಡಿಮಾಡಿ ಕೊಡುತ್ತಿದ್ದರೆ ಔಷಧ ತಜ್ಞರನ್ನು ಕೇಳಿದ್ದಾರೆಯೇ ವಿಚಾರಿಸಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರುತ್ತದೆ.

ಬೆಳಿಗ್ಗೆ ಹನ್ನೊಂದಕ್ಕೆ ಹಾಲ್‌ನಲ್ಲಿ ಕುಳಿತವರೆಲ್ಲ ತಲೆ ಜೋತುಹಾಕಿ ನಿದ್ದೆ ಹೋಗಿದ್ದರೆ ಅದನ್ನು ‘ಶಾಂತ ವಾತಾವರಣ’ ಎಂದುಕೊಳ್ಳಬೇಡಿ. ‘ರಾತ್ರಿ ಕೂಗಾಡಿದರೆ ಮೊದಲು ಏನು ಮಾಡುತ್ತೀರಿ?’ ಎಂದು ಕೇಳಿ. ನೋವಿದೆಯೇ, ಮೂತ್ರ ಕಟ್ಟಿದೆಯೇ, ಮಲಬದ್ಧತೆಯೇ, ಜ್ವರವೇ, ಹಸಿವೇ ಎಂದು ನೋಡುತ್ತೇವೆ ಎಂಬುದು ಅನುಭವಸ್ಥರ ಉತ್ತರ. ‘ಒಂದು ಮಾತ್ರೆ ಕೊಡ್ತೀವಿ, ಮಲಗಿಬಿಡ್ತಾರೆ’ ಎಂದರೆ ಎಚ್ಚರ. ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್, ರಿಸ್ಪೆರಿಡೋನ್‌ನಂಥ ಔಷಧಿಗಳು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿ, 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಿಗಳಿಗೂ ಅದನ್ನು ವಿಸ್ತರಿಸಿತು. ಅಗತ್ಯ ಬೀಳುವ ಸಂದರ್ಭಗಳಿವೆ. ಆಗಲೂ ಕಾರಣ, ಪ್ರಮಾಣ, ನಿಲ್ಲಿಸುವ ಬಗ್ಗೆ ಮರುಪರಿಶೀಲಿಸುವ ದಿನಾಂಕ ಬರಹದಲ್ಲಿರಬೇಕು.

ಕುರ್ಚಿಗೆ ಬಟ್ಟೆಯಿಂದ ಕಟ್ಟುವುದು, ತೆಗೆಯಲಾಗದಂತೆ ಮುಂದೆ ಟ್ರೇ ಸಿಕ್ಕಿಸುವುದು, ಮಂಚದ ಎರಡೂ ಬದಿಯ ಕಂಬಿ ಏರಿಸಿಡುವುದು, ಇವೆಲ್ಲ ‘ಬೀಳದಿರಲಿ ಎಂದು’ ಮಾಡುವುದು. ಎದ್ದೇ ತೀರುವ ವ್ಯಕ್ತಿ ಕಂಬಿ ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಕೆಲವೊಮ್ಮೆ ಕಂಬಿಗೂ ಹಾಸಿಗೆಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಮಂಚವನ್ನೇ ತಗ್ಗಿಸುವುದು ಅದಕ್ಕಿಂತ ಒಳ್ಳೆಯ ಉಪಾಯ.

‘ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ’ ಎನ್ನುವ ಕೇಂದ್ರ ನಂಬಿಕೆಗೆ ಅರ್ಹವಲ್ಲ. ಒಂದೋ ಕಟ್ಟಿಹಾಕುತ್ತಾರೆ, ಇಲ್ಲವೇ ಬರೆದಿಡುವುದಿಲ್ಲ. ಕಳೆದ ಸಲ ಒಬ್ಬರು ಬಿದ್ದಾಗ ಏನೇನು ಮಾಡಿದಿರಿ ಎಂದು ಕೇಳಿ. ತಲೆಗೆ ಪೆಟ್ಟಾಗಿದೆಯೇ ನೋಡಿದ್ದು, ಮಲಗಿದ್ದಾಗ ಮತ್ತು ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡ ಅಳೆದದ್ದು (ಮೇಲಿನ ಅಂಕೆ 20ರಷ್ಟು ಕುಸಿದರೆ ಅದೇ ಬೀಳಲು ಕಾರಣವಿರಬಹುದು), ಔಷಧಿ ಪಟ್ಟಿಯನ್ನು ಮತ್ತೆ ನೋಡಿದ್ದು, ಅದೇ ದಿನ ಮನೆಯವರಿಗೆ ತಿಳಿಸಿದ್ದು, ಇವು ಉತ್ತರದಲ್ಲಿ ಬರಬೇಕು. ಶೌಚಾಲಯದ ಹಿಡಿಕಂಬಿಯನ್ನು ನೀವೇ ಭಾರ ಹಾಕಿ ಜಗ್ಗಿ ನೋಡಿ.

ಕರಾರು

ಹಣದ ಮಾತಿಗಿಂತ ಮೊದಲು ಮೂರು ಸಂಗತಿ ಬರಹದಲ್ಲಿ ಇವೆಯೇ ನೋಡಿ: ಮಾಸಿಕ ಶುಲ್ಕದಲ್ಲಿ ಸೇರದ ಖರ್ಚುಗಳು, ಆಸ್ಪತ್ರೆಗೆ ಸೇರಿಸುವ ತೀರ್ಮಾನ ಯಾರದು ಮತ್ತು ಜೊತೆಗೆ ಹೋಗುವವರು ಯಾರು, ಸ್ಥಿತಿ ಹದಗೆಟ್ಟರೆ ಇಟ್ಟುಕೊಳ್ಳುತ್ತಾರೋ ಕಳುಹಿಸುತ್ತಾರೋ.

ಸೇರಿಸಿದ ಮೇಲೆ

ಮೊದಲ ತಿಂಗಳು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಕನ್ನಡಕದ ಗಾಜು ಒರೆಸಿದ್ದಾರೆಯೇ, ಶ್ರವಣ ಸಾಧನದ ಬ್ಯಾಟರಿ ಇದೆಯೇ, ಹಲ್ಲಿನ ಸೆಟ್ ಅವರದೇ ಹೌದೇ, ಉಗುರು ಕತ್ತರಿಸಿದೆಯೇ, ಕೆನ್ನೆಯೊಳಗೆ ಹಿಂದಿನ ಊಟ ಉಳಿದಿದೆಯೇ ನೋಡಿ. ಇಂಥ ಸಣ್ಣ ಕೆಲಸಗಳನ್ನು ಯಾರೂ ತಪಾಸಣೆ ಮಾಡುವುದಿಲ್ಲ, ಆದ್ದರಿಂದ ಸಮಯ ಸಾಲದಾದಾಗ ಮೊದಲು ಬಿಟ್ಟುಹೋಗುವುದೂ ಇವೇ.

ಹಿಮ್ಮಡಿ, ಬೆನ್ನಿನ ತಳದಲ್ಲಿ ಕೆಂಪು ಕಂಡರೆ ಬೆರಳಿನಿಂದ ಮೆಲ್ಲನೆ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣಿನ ಮೊದಲ ಹಂತ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ನೇರಳೆ ಛಾಯೆ, ಬಿಸಿ, ಗಡಸುತನವನ್ನು ಮುಟ್ಟಿ ತಿಳಿಯಬೇಕು. ಮೊಣಕಾಲ ಕೆಳಗೆ, ಮುಂಗೈ ಹೊರಭಾಗದಲ್ಲಿ ಕಂದಿದ ಕಲೆಗಳು ತೆಳು ಚರ್ಮದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯ. ತೋಳಿನ ಒಳಬದಿಯಲ್ಲಿ ಬೆರಳಚ್ಚಿನಂಥ ಕಲೆ, ಎರಡೂ ಮಣಿಕಟ್ಟಿನಲ್ಲಿ ಗೆರೆ ಕಂಡರೆ ಅವತ್ತೇ ವಿವರಣೆ ಕೇಳಿ. ಒಂದೆರಡು ದಿನದಲ್ಲಿ ದಿಢೀರನೆ ಗೊಂದಲ ಹೆಚ್ಚಿದರೆ ‘ವಯಸ್ಸಾಯಿತಲ್ಲ’ ಎಂಬ ಮಾತಿಗೆ ಒಪ್ಪದೆ ಅದೇ ದಿನ ವೈದ್ಯರಿಗೆ ತೋರಿಸಿ.

ದೂರನ್ನು ಮೊದಲು ಆ ಶಿಫ್ಟಿನ ನರ್ಸಿಗೆ, ಆಮೇಲೆ ಮೇಲ್ವಿಚಾರಕರಿಗೆ ದಿನಾಂಕ, ಸಮಯ ಹಾಕಿ ಬರೆದುಕೊಡಿ. ಗಾಯವಿದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಒಳ್ಳೆಯ ಕೇಂದ್ರ ಇದರಿಂದ ಸಿಡುಕುವುದಿಲ್ಲ, ಏನು ಬದಲಿಸಿದೆವು ಎಂದು ಹೇಳುತ್ತದೆ. ಅದೇ ದೂರು ಮೂರನೇ ಸಲ ಬರೆಯುವ ಹಾಗಾದರೆ ಬೇರೆ ಜಾಗ ಹುಡುಕಲು ಶುರುಮಾಡಿ. ಹೊರಡುವಾಗ ತೂಕದ ದಾಖಲೆ, ಈಗಿನ ಔಷಧಿ ಪಟ್ಟಿ, ಗಾಯದ ಅಳತೆಯ ಪ್ರತಿಗಳನ್ನು ಕೇಳಿ ಪಡೆಯಿರಿ. ಹೊಸ ಕೇಂದ್ರದ ನರ್ಸಿಗೆ ಮೊದಲ ದಿನವೇ ಅವು ಬೇಕಾಗುತ್ತವೆ.